ಬಂಡೆಯೊಳಗಿನ ಚರ್ಚ್: ಹೆಲ್ಸಿಂಕಿಯ ಟೆಂಪೆಲಿಯಾವ್ಕಿಯೊ

ಫಿನ್‌ಲೆಂಡ್ ರಾಜಧಾನಿ ಹೆಲ್ಸಿಂಕಿಯ ಫ್ರೆಡ್ರಿಕಿನ್‌ಕಾಟು ರಸ್ತೆಯ ತುದಿಗೆ ಬಂದು ನಿಂತರೂ ಚರ್ಚ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಗೋಪುರವಿಲ್ಲ. ಎದುರಿಗೆ ಇರುವುದು ಬಂಡೆಗುಡ್ಡ, ಅದರ ಬುಡದಲ್ಲಿ ತಗ್ಗಾದ ಕಾಂಕ್ರೀಟ್ ಪ್ರವೇಶದ್ವಾರ. ಈ ಲುಥೆರನ್ ಚರ್ಚಿನ ಸೊಗಸೆಲ್ಲ ಒಳಗಡೆಯೇ ಇದೆ.

ಇಲ್ಲಿ ಚರ್ಚ್ ಕಟ್ಟುವ ಯೋಚನೆ 1930ರ ದಶಕದ್ದು. 1939ರಲ್ಲಿ ಶುರುವಾದ ಎರಡನೇ ಮಹಾಯುದ್ಧ ಅದನ್ನು ತಡೆಯಿತು. ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ ನಡೆದ ಹೊಸ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದವರು ವಾಸ್ತುಶಿಲ್ಪಿಗಳಾದ ಟಿಮೊ ಮತ್ತು ಟುವೊಮೊ ಸುವೊಮಲೈನೆನ್ ಸಹೋದರರು. 1968ರಲ್ಲಿ ಬಂಡೆ ಸಿಡಿಸಲು ಶುರುಮಾಡಿ, 1969ರ ಸೆಪ್ಟೆಂಬರಿನಲ್ಲಿ ಚರ್ಚನ್ನು ಪ್ರತಿಷ್ಠಾಪಿಸಲಾಯಿತು.

ಒಳಗೆ ಹೋದವರು ಮೊದಲು ತಲೆ ಎತ್ತುವುದು 24 ಮೀಟರ್ ವ್ಯಾಸದ ತಾಮ್ರದ ಗುಮ್ಮಟದ ಕಡೆಗೆ. ಸುಮಾರು 22 ಕಿಲೋಮೀಟರ್ ಉದ್ದದ ತಾಮ್ರಪಟ್ಟಿಯನ್ನು ಸುರುಳಿ ಸುತ್ತಿ ಅದನ್ನು ಮಾಡಿದ್ದಾರೆ. ಆದರೆ ಕಣ್ಣಿಟ್ಟು ನೋಡಬೇಕಾದದ್ದು ಗುಮ್ಮಟದ ಅಂಚು. ಗುಮ್ಮಟ ದುಂಡಗಿದೆ, ಬಂಡೆಯ ಅಂಚು ಅಂಕುಡೊಂಕು. ಇವೆರಡನ್ನೂ ಕೂಡಿಸುವ ಕಾಂಕ್ರೀಟ್ ತೊಲೆಗಳು ಅದಕ್ಕಾಗಿಯೇ ಒಂದು ಉದ್ದ, ಒಂದು ಗಿಡ್ಡ. ತೊಲೆಗಳ ನಡುವಿನ 180 ಗಾಜುಗಳಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಕಲ್ಲಿನ ಮೇಲೆ ಬೀಳುತ್ತದೆ, ಹೊತ್ತು ಸರಿದಂತೆ ತಾನೂ ಸರಿಯುತ್ತದೆ. ಹತ್ತು ನಿಮಿಷದಲ್ಲಿ ಫೋಟೊ ತೆಗೆದು ಹೊರಡುವವರಿಗೆ ಇದು ಕಾಣುವುದೇ ಇಲ್ಲ. ಮೋಡದ ದಿನಕ್ಕಿಂತ ಬಿಸಿಲಿನ ದಿನವೇ ಮೇಲು.

ಗೋಡೆ ಮುಟ್ಟಿದರೆ ಕಲ್ಲು ಕೊರೆದ ಉದ್ದನೆಯ ಗೆರೆಗಳು ಬೆರಳಿಗೆ ಸಿಗುತ್ತವೆ. ಒರಟು ಕಲ್ಲನ್ನು ಹಾಗೆಯೇ ಬಿಟ್ಟದ್ದು ನಾದಕ್ಕಾಗಿ: ವಾದ್ಯವೃಂದ ನಿರ್ದೇಶಕ ಪಾವೊ ಬೆರ್ಗ್‌ಲುಂಡ್ ಮತ್ತು ಧ್ವನಿತಜ್ಞ ಮೌರಿ ಪಾರ್ಯೊ ಅವರ ಸಲಹೆ ಅದರ ಹಿಂದಿದೆ. ಉಬ್ಬುತಗ್ಗಿನ ಕಲ್ಲು ಸದ್ದನ್ನು ನಾನಾ ದಿಕ್ಕಿಗೆ ಚದುರಿಸುತ್ತದೆ. ನುಣುಪು ಗೋಡೆಯಾಗಿದ್ದರೆ ಅದು ನೇರ ತಿರುಗಿ ಬಡಿಯುತ್ತಿತ್ತು. ಬಂಡೆಯ ಬಿರುಕುಗಳಿಂದ ನೀರು ಜಿನುಗುವುದೂ ಉಂಟು. ಅದಕ್ಕೆ ಹರಿದುಹೋಗಲು ದಾರಿ ಮಾಡಿಟ್ಟಿದ್ದಾರೆ, ಆದ್ದರಿಂದ ಗೋಡೆ ಒದ್ದೆಯಿದ್ದರೆ ಸೋರಿಕೆ ಎಂದುಕೊಳ್ಳಬೇಡಿ. ಬಲಿಪೀಠದ ಹಿಂದೆ ಚಿತ್ರಪಟವಿಲ್ಲ. ಹಿಮಯುಗದ ಬಿರುಕೊಂದೇ ಆ ಜಾಗದಲ್ಲಿದೆ.

ವೈಕ್ಕೊ ವಿರ್ಟನೆನ್ ಮಾಡಿದ ಆರ್ಗನ್‌ಗೆ (ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ವಾದ್ಯ) 43 ಸ್ಟಾಪ್, ಅಂದರೆ ನಾದದ ಬಗೆ ಆರಿಸುವ ಗುಂಡಿಗಳು, 3,001 ಕೊಳವೆ. ಬಿಡುವಿದ್ದರೆ ಸಂಗೀತ ಕಛೇರಿ ಇರುವ ದಿನವನ್ನೇ ಆರಿಸಿಕೊಳ್ಳಿ. ಗಂಟೆಗಳಿಲ್ಲದ ಈ ಚರ್ಚಿನಲ್ಲಿ ಹೊರಗೋಡೆಯ ಧ್ವನಿವರ್ಧಕದಿಂದ ಟನೆಲಿ ಕೂಸಿಸ್ಟೊ ರಚಿಸಿದ ಘಂಟಾನಾದದ ಧ್ವನಿಮುದ್ರಣ ಕೇಳಿಸುತ್ತದೆ.

ಪ್ರವಾಸಿಗರಿಗೆ ಟಿಕೆಟ್ ಉಂಟು. ಆರಾಧನೆ, ಮದುವೆಗಳ ಹೊತ್ತಿನಲ್ಲಿ ನೋಡಲು ಬಿಡುವುದಿಲ್ಲ, ಆ ದಿನದ ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ಬಾಗಿಲು ತೆರೆದ ಕೂಡಲೇ ಹೋದರೆ ಬಸ್ಸಿನ ಗುಂಪುಗಳು ಬರುವ ಮೊದಲು ಬಾಲ್ಕನಿಗೆ ಹತ್ತಬಹುದು. ತೊಲೆಗಳೂ ಬಂಡೆಯ ಅಂಚೂ ಕಣ್ಣಿನ ಮಟ್ಟಕ್ಕೆ ಹತ್ತಿರ ಬರುವುದು ಅಲ್ಲಿಂದಲೇ.