ಆ್ಯಪ್ ಡಾಕ್ಟರೋ, ಊರಿನ ನರ್ಸಬಾಯಿಯೋ?

ಅವ್ವನ ಬಿಪಿ, ಸಕ್ಕರೆ ಕಾಯಿಲೆಗೆ ದೂರದ ವೈದ್ಯರನ್ನು ಕಾಣುವ ಎರಡು ದಾರಿಗಳನ್ನು ಬಳಸಿ ನೋಡಿದ್ದೇನೆ. ಒಂದು, ದುಡ್ಡು ಕಟ್ಟಿ ಮನೆಯಿಂದಲೇ ವಿಡಿಯೊದಲ್ಲಿ ಮಾತನಾಡುವ ಖಾಸಗಿ ಆ್ಯಪ್. ಇನ್ನೊಂದು, ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಎದುರು ಕುಳಿತು, ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿ ಮೂಲಕ ವೈದ್ಯರೊಡನೆ ಮಾತನಾಡುವುದು. ಅಷ್ಟುದ್ದದ ಹುದ್ದೆಯ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಊರಿಗೆಲ್ಲ ಅವರು ನರ್ಸಬಾಯಿ. ನನ್ನ ಮತ ಅವರಿಗೇ.

ನಾನಿರುವುದು ವಿಜಯಪುರದಲ್ಲಿ. ಅವ್ವ ಇಂಡಿ ತಾಲ್ಲೂಕಿನ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಆ್ಯಪ್‌ನಲ್ಲಿ ವೈದ್ಯರು ಬೇಗ ಸಿಗುತ್ತಾರೆ, ತಾಳ್ಮೆಯಿಂದಲೇ ಕೇಳುತ್ತಾರೆ. ತೊಡಕಿರುವುದು ಅವರಿಗೆ ನಾವು ಹೇಳುವ ಅಂಕಿಯಲ್ಲಿ.

"ಬಿಪಿ ಎಷ್ಟಿದೆ?" ಎಂದು ಅವರು ಕೇಳಿದೊಡನೆ ತಮ್ಮನ ಮಗ ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದರಿಂದ ಅಜ್ಜಿಯ ತೋಳಿಗೆ ಯಂತ್ರದ ಪಟ್ಟಿ ಸುತ್ತುತ್ತಾನೆ, ಅದೂ ರವಿಕೆಯ ತೋಳಿನ ಮೇಲೆಯೇ. ಅವ್ವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಪಟ್ಟಿ ಉಬ್ಬುತ್ತಿರುವಾಗಲೇ ಮೊಣಕಾಲು ನೋವಿನ ಕಥೆ ತೆಗೆಯುತ್ತಾಳೆ. ಮೇಲಿನ ಅಂಕಿ 168 ಬಂತು. ಮತ್ತೆ ನೋಡಿದರೆ 154. "ಯಾವುದನ್ನು ಬರೆದುಕೊಳ್ಳಲಿ?" ಎಂದರು ವೈದ್ಯರು. ಮಾತ್ರೆ ಹೆಚ್ಚಿಸಬೇಕೋ ಬೇಡವೋ ಎಂಬುದು ಈ ಅಂಕಿಯ ಮೇಲೆ ನಿಂತಿದೆ. ಪರದೆಯಲ್ಲಿ ಅವರಿಗೆ ಕಾಣುವುದು ಅವ್ವನ ಮುಖ, ಹಿಂದಿನ ಗೋಡೆಯ ಕ್ಯಾಲೆಂಡರ್.

ನರ್ಸಬಾಯಿ ಮೊದಲು ಅವ್ವನನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೂರಿಸಿ, ಐದು ನಿಮಿಷ ಮಾತನಾಡದೆ ಕೂರಿಸಿದರು. (ಇದನ್ನು ಸಾಧಿಸಿದ ಮೊದಲ ವ್ಯಕ್ತಿ ಅವರೇ.) ನಮ್ಮ ಯಂತ್ರದ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ, ಅವ್ವನ ತೋಳು 35. ಪಟ್ಟಿ ಚಿಕ್ಕದಾದರೆ ಒತ್ತಡ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿಯನ್ನು ಬರಿಯ ತೋಳಿಗೆ ಕಟ್ಟಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿ ನೋಡಿದಾಗ 142. ಆಮೇಲೆಯೇ ವೈದ್ಯರಿಗೆ ಕರೆ ಹೋದದ್ದು.

ಅಷ್ಟೇ ಅಲ್ಲ, ಸೀರೆಯ ಅಂಚು ಸರಿಸಿ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿದ್ದು ಹಾಗೆಯೇ ಉಳಿಯಿತು. ಅವ್ವ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಅಮ್ಲೋಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ. ವೈದ್ಯರು ಅದನ್ನು ಬದಲಿಸಿದರು. ಆ್ಯಪ್‌ನ ವಿಡಿಯೊ ಸೊಂಟದಿಂದ ಕೆಳಗೆ ಇಳಿದೇ ಇರಲಿಲ್ಲ.

ಖರ್ಚು: ಆ್ಯಪ್‌ಗೆ ಪ್ರತಿ ಸಲ ನಾಲ್ಕೈದು ನೂರು ರೂಪಾಯಿ, ನರ್ಸಬಾಯಿಯ ಹತ್ತಿರ ಬಿಟ್ಟಿ. ಒಟಿಪಿ ನನ್ನ ಮೊಬೈಲಿಗೆ ಬರುವುದು, ನಾನು ಕಚೇರಿಯಲ್ಲಿರುವುದು, ಆ ರಗಳೆಯೂ ತಪ್ಪಿತು. ಹಳ್ಳಿಯ ನೆಟ್‌ವರ್ಕಿನಲ್ಲಿ ವಿಡಿಯೊ ಕಡಿದು ಬರೀ ಧ್ವನಿ ಉಳಿದರೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ, ಮೊದಲ ಸಲ ಬಂದ ರೋಗಿಗೆ ಹಲವು ಔಷಧಗಳನ್ನು ಬರೆಯುವಂತಿಲ್ಲ. ಉಪ್ಪು ಕಡಿಮೆ ಮಾಡಿ ಎಂದು ಇಬ್ಬರೂ ಹೇಳಿದರು. ಶೇಂಗಾ ಹಿಂಡಿ, ಉಪ್ಪಿನಕಾಯಿಯ ಲೆಕ್ಕ ಕೇಳಿದ್ದು ನರ್ಸಬಾಯಿ ಮಾತ್ರ.

ಲಸಿಕೆ ಹಾಕುವ ದಿನ, ಸಭೆಯ ದಿನ ಅವರು ಸಿಗುವುದಿಲ್ಲ. ಬಾಗಿಲಿಗೆ ಬೀಗ ನೋಡಿ ಅವ್ವ ಬಿಸಿಲಲ್ಲಿ ತಿರುಗಿ ಬಂದದ್ದೂ ಇದೆ. ಈಗ ತಮ್ಮ ಮುಂಚೆಯೇ ಫೋನ್ ಮಾಡಿ ಕೇಳುತ್ತಾನೆ. ನಡೆಯಲಾಗದೆ ಹಾಸಿಗೆ ಹಿಡಿದವರಿಗೆ ಆ್ಯಪ್ ವಾಸಿ. ನನ್ನ ತುರಿಕೆ, ನೆಗಡಿಗೂ ಅದೇ ಸಾಕೆಂದು ಮೊಬೈಲಿನಲ್ಲಿ ಉಳಿಸಿಕೊಂಡಿದ್ದೇನೆ. ಎದೆನೋವು ಬಂದರೆ ಎರಡೂ ಬೇಡ, 108ಕ್ಕೆ ಕರೆ ಮಾಡಿ.