ಕ್ಲಿಕ್ಕರ್: ಕಪ್ಪು ಬಟನ್‌ಗೆ ಪೂರ್ತಿ ಅಂಕ, ಲೇಸರ್‌ಗೆ ಸೊನ್ನೆ

ಸ್ಲೈಡ್ ಮುಂದೆ ಹಿಂದೆ ಮಾಡುವ ಕ್ಲಿಕ್ಕರ್‌ಗೆ ಇಷ್ಟುದ್ದ ವಿಮರ್ಶೆ ಬೇಕಾ ಅಂತ ನಗಬಹುದು. ಸಾವಿರ ರೂಪಾಯಿ ಒಳಗಿನ ಸಾಮಾನು. ಎಷ್ಟು ಮೀಟರ್ ದೂರ ಹೋಗುತ್ತೆ, ಎಷ್ಟು ಗ್ರಾಂ ತೂಕ, ಎಲ್ಲ ಡಬ್ಬಿ ಮೇಲೇ ಬರೆದಿರುತ್ತಾರೆ. ನಾನು ಹೇಳಬೇಕಾಗಿರುವುದು ಅದರ ಕೆಳತುದಿಯಲ್ಲಿರುವ ಪುಟ್ಟ ಬಟನ್ ಬಗ್ಗೆ. ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತೆ. ಮತ್ತೆ ಒತ್ತಿದರೆ ಅದೇ ಸ್ಲೈಡ್ ವಾಪಸ್. ಅಷ್ಟೇ.

ನನ್ನ ಕೆಲಸ ಜಿಎಸ್‌ಟಿ. ಹುಬ್ಬಳ್ಳಿಯ ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಯವರ ರಿಟರ್ನ್ ಫೈಲ್ ಮಾಡುತ್ತೇನೆ. ನಿಯಮ ಬದಲಾದಾಗೆಲ್ಲ ವ್ಯಾಪಾರಿಗಳ ಸಂಘದವರು ಕರೆದು ‘ಒಂಚೂರು ತಿಳಿಸಿ ಹೇಳ್ರಿ’ ಅಂತಾರೆ. 2025ರ ಸೆಪ್ಟೆಂಬರ್ 22ರಿಂದ ಹೊಸ ದರ ಬಂತಲ್ಲ, ಆ ಸಮಯದಲ್ಲಿ ಕ್ಲಿಕ್ಕರ್ ಕೈಯಿಂದ ಇಳಿಯಲೇ ಇಲ್ಲ. ಶೇಕಡಾ 12 ಮತ್ತು 28ರ ತೆರಿಗೆ ಸ್ಲ್ಯಾಬ್ ಬಹುತೇಕ ಹೋಯಿತು, ಸೋಪು, ಶಾಂಪೂ, ಬಿಸ್ಕತ್ತು 18ರಿಂದ 5ಕ್ಕೆ ಇಳಿಯಿತು. ಇದನ್ನೆಲ್ಲ ಒಂದು ಟೇಬಲ್ ಮಾಡಿ ಪರದೆ ಮೇಲೆ ಹಾಕಿದರೆ ಏನಾಗುತ್ತೆ ಗೊತ್ತಾ? ಎಲ್ಲರೂ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಾರೆ. ಫೋಟೋ ತೆಗೆದವರು ಆಮೇಲೆ ಕೇಳಿಸಿಕೊಳ್ಳುವುದಿಲ್ಲ, ಹೇಗೂ ಫೋನಲ್ಲಿ ಇದೆಯಲ್ಲ ಅಂತ.

ಅಲ್ಲಿ ನಾನು ಕಪ್ಪು ಬಟನ್ ಒತ್ತುತ್ತೇನೆ. ಒಂದೆರಡು ಕ್ಷಣ ಎಲ್ಲರೂ ಕರೆಂಟ್ ಹೋಯಿತು ಅಂದುಕೊಳ್ಳುತ್ತಾರೆ. ಫ್ಯಾನ್ ತಿರುಗುತ್ತಾ ಇರುತ್ತೆ, ಹಾಗಾಗಿ ಅಲ್ಲ ಅಂತ ಗೊತ್ತಾಗುತ್ತೆ. ಆಮೇಲೆ ನನ್ನ ಕಡೆ ನೋಡುತ್ತಾರೆ. ಹಿಂದಿನ ಕುರ್ಚಿಯಿಂದ ಯಾರೋ ಒಬ್ಬರು, ಇಷ್ಟೊತ್ತು ತುಟಿ ಬಿಚ್ಚದವರು, ‘ಅಲ್ರೀ ಸರ, 18 ಕೊಟ್ಟು ತಂದ ಸೋಪು ಗೋಡೌನ್ ತುಂಬ ಐತಿ, ಈಗ 5ಕ್ಕ ಮಾರಿದ್ರ ನಮ್ಮ ಕೈಯಿಂದ ರೊಕ್ಕ ಹೋಗತೈತಲ್ರೀ?’ ಅಂತಾರೆ. ಅವರು ಬಂದಿರುವುದೇ ಈ ಒಂದು ಪ್ರಶ್ನೆಗೆ! ದರ ನೋಡುವುದು ಮಾರಿದ ದಿನಕ್ಕೆ, ಕೊಟ್ಟ 18 ಕ್ರೆಡಿಟ್ ಲೆಡ್ಜರಿನಲ್ಲಿ, ಅಂದರೆ ಜಿಎಸ್‌ಟಿ ಪೋರ್ಟಲ್‌ನ ನಿಮ್ಮ ಜಮಾ ಖಾತೆಯಲ್ಲಿ ಇರುತ್ತೆ, ಮುಂದೆ ಕಟ್ಟುವ ತೆರಿಗೆಗೆ ಅದನ್ನೇ ಬಳಸಬಹುದು ಅಂತ ಎರಡು ಮಾತಲ್ಲಿ ಹೇಳಿದರೆ ಇಡೀ ಹಾಲ್ ಹಗುರ. ಪರದೆ ಮೇಲೆ ಟೇಬಲ್ ಇದ್ದಾಗ ಈ ಪ್ರಶ್ನೆ ಬರುವುದೇ ಇಲ್ಲ, ಯಾಕಂದರೆ ಅವರು ಮುಂದಿನ ಸಾಲು ಓದುತ್ತಾ ಇರುತ್ತಾರೆ, ನಾನೂ ಮುಂದಿನ ಸಾಲು ಓದಿ ಹೇಳುತ್ತಾ ಇರುತ್ತೇನೆ.

ಇದಕ್ಕೆ ಕ್ಲಿಕ್ಕರೇ ಬೇಕು ಅಂತಿಲ್ಲ. ಪವರ್‌ಪಾಯಿಂಟ್ ಸ್ಲೈಡ್‌ಶೋ ನಡೆಯುವಾಗ ಕೀಬೋರ್ಡಲ್ಲಿ ‘ಬಿ’ ಒತ್ತಿದರೂ ಪರದೆ ಕಪ್ಪಾಗುತ್ತೆ, ‘ಡಬ್ಲ್ಯೂ’ ಒತ್ತಿದರೆ ಬಿಳಿ. ಆದರೆ ಲ್ಯಾಪ್‌ಟಾಪ್ ಹತ್ತಿರ ನಡೆದು ಹೋಗಿ, ಕನ್ನಡಕ ಸರಿ ಮಾಡಿಕೊಂಡು, ಕೀಲಿ ಹುಡುಕಿ ಒತ್ತುವಷ್ಟರಲ್ಲಿ ಕೇಳಬೇಕು ಅಂದುಕೊಂಡವರು ಚಹಾಕ್ಕೆ ಎದ್ದಿರುತ್ತಾರೆ.

ದಿನಾ ಮಾಡುವ ತಯಾರಿ ಹೀಗೆ. ಹಾಲ್‌ಗೆ ಹೋದ ತಕ್ಷಣ ಕ್ಲಿಕ್ಕರ್ ಹೊಟ್ಟೆಯಿಂದ ಡಾಂಗಲ್, ಅಂದರೆ ಸಿಗ್ನಲ್ ಹಿಡಿಯಲು ಲ್ಯಾಪ್‌ಟಾಪ್‌ಗೆ ಚುಚ್ಚುವ ತುಂಡು, ತೆಗೆಯುತ್ತೇನೆ. ಉಗುರಿನಷ್ಟು ಇರುತ್ತೆ ಅದು, ಎಲ್ಲಾದರೂ ಬಿದ್ದರೆ ಸಿಗಲ್ಲ, ಅದಕ್ಕೇ ಕೆಂಪು ದಾರ ಕಟ್ಟಿದ್ದೇನೆ. ಪಕ್ಕದ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ತೆಗೆದುಬಿಡುತ್ತೇನೆ. ಯುಎಸ್‌ಬಿ 3 ಸಾಧನಗಳು ಕ್ಲಿಕ್ಕರ್ ಬಳಸುವ 2.4 ಗಿಗಾಹರ್ಟ್ಜ್ ಸಿಗ್ನಲ್‌ಗೆ ಅಡ್ಡ ಬರುತ್ತವೆ, ಕ್ಲಿಕ್ ಮಾಡಿದ್ದು ಮುಟ್ಟುವುದೇ ಇಲ್ಲ. ಆಮೇಲೆ ಕೊನೆಯ ಸಾಲಿನ ಕುರ್ಚಿಗೆ ಹೋಗಿ ಕೂತು ಅಲ್ಲಿಂದ ಸ್ಲೈಡ್ ತಿರುಗಿಸಿ ನೋಡುತ್ತೇನೆ. ಸಿಗ್ನಲ್ಲೂ ಪರೀಕ್ಷೆ ಆಯಿತು, ಅಕ್ಷರ ಅಲ್ಲಿಗೆ ಕಾಣುತ್ತಾ ಅನ್ನುವುದೂ ಗೊತ್ತಾಯಿತು.

ಇನ್ನು ಬೈಗುಳ. ಲೇಸರ್ ಅಂತ ದೊಡ್ಡದಾಗಿ ಬರೆದು ಮಾರುತ್ತಾರೆ. ಪ್ರೊಜೆಕ್ಟರ್ ಪರದೆ ಮೇಲೆ ಪರವಾಗಿಲ್ಲ. ಆದರೆ ಈಗ ಎಷ್ಟೋ ಕಡೆ ಗೋಡೆಗೆ ದೊಡ್ಡ ಎಲ್‌ಇಡಿ ಟಿವಿ ಹಾಕಿದ್ದಾರೆ. ಅದರ ಮೇಲೆ ಕೆಂಪು ಚುಕ್ಕೆ ಕಾಣುವುದೇ ಇಲ್ಲ. ‘ಇಲ್ಲಿ ನೋಡಿ’ ಅಂತ ತೋರಿಸುತ್ತಾ ಇರುತ್ತೇನೆ, ಜನ ಎಲ್ಲಿ ಎಲ್ಲಿ ಅಂತ ಕತ್ತು ಚಾಚುತ್ತಾರೆ. ಕಂಟ್ರೋಲ್ ಒತ್ತಿಕೊಂಡು ಮೌಸ್‌ನ ಎಡ ಬಟನ್ ಹಿಡಿದರೆ ಪವರ್‌ಪಾಯಿಂಟೇ ಲೇಸರ್ ಚುಕ್ಕೆ ತೋರಿಸುತ್ತೆ, ಆದರೆ ಆಗ ಮತ್ತೆ ಲ್ಯಾಪ್‌ಟಾಪ್ ಪಕ್ಕವೇ ನಿಲ್ಲಬೇಕು. ಲಾಜಿಟೆಕ್ ಸ್ಪಾಟ್‌ಲೈಟ್ ಥರದವು ಚುಕ್ಕೆಯನ್ನು ಪರದೆಯ ಒಳಗೇ ಮೂಡಿಸುತ್ತವೆ. ಚೆನ್ನಾಗಿವೆ. ಆ ಬೆಲೆ ಕೊಟ್ಟರೆ ನನ್ನ ಎಷ್ಟೋ ಸಣ್ಣ ಗಿರಾಕಿಗಳ ಫೀಸ್ ಅದಕ್ಕೇ ಹೋಗುತ್ತೆ.

ಇದಕ್ಕಿಂತ ಸಿಟ್ಟು ಬರುವುದು ಇನ್ನೊಂದಕ್ಕೆ. ಕಂಪ್ಯೂಟರ್ ಪಾಲಿಗೆ ಕ್ಲಿಕ್ಕರ್ ಅಂದರೆ ನಾಲ್ಕೈದು ಕೀಲಿಯ ಕೀಬೋರ್ಡ್, ಎದುರಿಗೆ ಇರುವುದು ಸ್ಲೈಡಾ ಮತ್ತೊಂದಾ ಅಂತ ನೋಡುವುದಿಲ್ಲ. ಎಕ್ಸೆಲ್ ತೆರೆದು ಲೆಕ್ಕ ತೋರಿಸುವಾಗ ಕಪ್ಪು ಬಟನ್‌ಗೆ ಬೆರಳು ತಾಗಿದರೆ ಸಾಕು, ಆ ಸೆಲ್‌ನಲ್ಲಿದ್ದ ಅಂಕಿಯ ಜಾಗದಲ್ಲಿ ‘ಬಿ’ ಬಂದು ಕೂರುತ್ತೆ. ಸ್ಲೈಡ್‌ಶೋ ಶುರು ಮಾಡುವ ಬಟನ್ ಕಳಿಸುವುದು ಎಫ್5. ಜಿಎಸ್‌ಟಿ ಪೋರ್ಟಲ್ ತೆರೆದಿರುವಾಗ ಅದು ಒತ್ತಿದರೆ ಪುಟವೇ ರಿಫ್ರೆಶ್, ತುಂಬಿದ್ದೆಲ್ಲ ಹೋಯಿತು. ನನ್ನದರಲ್ಲಿ ಈ ಎರಡೂ ಬಟನ್ ಅಕ್ಕಪಕ್ಕ, ಮುಟ್ಟಿದರೆ ಎರಡೂ ಒಂದೇ ಥರ. ಇದನ್ನು ವಿನ್ಯಾಸ ಮಾಡಿದವರು ಒಂದು ದಿನವೂ ಕತ್ತಲ ಹಾಲ್‌ನಲ್ಲಿ ಮಾತಾಡಿಲ್ಲ ಅನ್ನಿಸುತ್ತೆ. ಈಗ ಕಪ್ಪು ಬಟನ್ ಮೇಲೆ ನೇಲ್ ಪಾಲಿಶ್‌ನ ಒಂದು ದಪ್ಪ ಹನಿ ಇಟ್ಟಿದ್ದೇನೆ, ಒಣಗಿದ ಮೇಲೆ ಬೆರಳಿಗೆ ಸಿಗುತ್ತೆ. ಎಕ್ಸೆಲ್‌ಗೆ ಹೋಗುವ ಮುಂಚೆ ಕ್ಲಿಕ್ಕರ್ ಆಫ್ ಮಾಡಿ ಜೇಬಿಗೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪಿಡಿಎಫ್‌ನಲ್ಲೇ ಎಲ್ಲ ತೋರಿಸುವವರು ದುಡ್ಡು ಹಾಕಬೇಡಿ, ಅಲ್ಲಿ ಪುಟ ತಿರುಗುತ್ತೆ, ಕಪ್ಪು ಬಟನ್ ಕೆಲಸ ಮಾಡಲ್ಲ. ಕೊಳ್ಳುವವರು ಅಂಗಡಿಗೇ ಹೋಗಿ, ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿಂದ ಬಟನ್ ಹುಡುಕಿ ನೋಡಿ. ಸಿಗದಿದ್ದರೆ ಇನ್ನೊಂದು ತೋರಿಸಿ ಅನ್ನಿ.