ಮೊಂಟೆಬೆಲ್ಲೊ ಅಥವಾ ಬಾರ್ದಿ: ದೆವ್ವದ ಕೋಟೆ ಯಾವುದು ನೋಡಬೇಕು?

ಇಟಲಿಯ ಎಮಿಲಿಯಾ-ರೊಮಾನ್ಯಾದಲ್ಲಿ ದೆವ್ವದ ಕಥೆಗೆ ಹೆಸರಾದ ಎರಡು ಕೋಟೆಗಳಿವೆ: ರಿಮಿನಿ ಬಳಿಯ ಮೊಂಟೆಬೆಲ್ಲೊ, ಪಾರ್ಮಾ ಸೀಮೆಯ ಬಾರ್ದಿ. ಒಂದಕ್ಕೆ ಮಾತ್ರ ಸಮಯವಿದ್ದರೆ, ನಿಮಗೆ ಕಥೆ ಮುಖ್ಯವೋ ಕಟ್ಟಡವೋ ಎಂದು ಮೊದಲು ತೀರ್ಮಾನಿಸಿ.

ಮೊಂಟೆಬೆಲ್ಲೊದಲ್ಲಿ ಕಥೆಯದೇ ಯಜಮಾನಿಕೆ. ಮಾಲಾಟೆಸ್ಟಾ ಮನೆತನದ ಗ್ವೆಂಡಲೀನಾ ಬಿಳಿಗೂದಲಿನ ಮಗು. ಜನರ ಬಾಯಿಗೆ ಹೆದರಿ ತಾಯಿ ಕೂದಲಿಗೆ ಬಣ್ಣ ಹಚ್ಚಿದಳು. ಅದು ನೀಲಿಗೆ ತಿರುಗಿ, ಮಗುವಿಗೆ ಆಜುರ್ರಿನಾ (ನೀಲಿ ಹುಡುಗಿ) ಎಂಬ ಹೆಸರು ಬಂತು. 1375ರ ಜೂನ್ 21ರಂದು, ಗುಡುಗು ಮಳೆಯ ನಡುವೆ, ಬಟ್ಟೆಯ ಚೆಂಡಿನ ಹಿಂದೆ ಹಿಮ ಕೂಡಿಡುವ ನೆಲಮಾಳಿಗೆಗೆ ಇಳಿದವಳು ಮತ್ತೆ ಕಾಣಲಿಲ್ಲವಂತೆ. ಐದು ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ಅವಳ ದನಿ ಕೇಳಿಸುತ್ತದೆ ಎಂಬುದು ನಂಬಿಕೆ. ಇಲ್ಲಿ ಮಾರ್ಗದರ್ಶಿಯೊಡನೆಯೇ ಸುತ್ತಬೇಕು. ರಾತ್ರಿಯ ಭೇಟಿಯಲ್ಲಿ ಆ ದನಿಯದೆನ್ನುವ ಧ್ವನಿಮುದ್ರಣವನ್ನೂ ಕೇಳಿಸುತ್ತಾರೆ. ಅದು ಅಳುವೋ ಗಾಳಿಯೋ, ನಿಮ್ಮ ಕಿವಿಗೆ ಬಿಟ್ಟದ್ದು. ಇಟಾಲಿಯನ್ ಬಾರದವರು ಇಂಗ್ಲಿಷ್ ವಿವರಣೆ ಇದೆಯೇ ಎಂದು ಮೊದಲೇ ವಿಚಾರಿಸಿ. ಮಾತು ಅರ್ಥವಾಗದಿದ್ದರೆ ಇಲ್ಲಿ ಅರ್ಧ ಸ್ವಾರಸ್ಯ ಹೋದಂತೆಯೇ.

ಬಾರ್ದಿಯ ಕಥೆ ಚಿಕ್ಕದು. ಯುದ್ಧ ಗೆದ್ದ ಮೊರೊಯೆಲ್ಲೊ ಶತ್ರುವಿನ ಬಣ್ಣದ ಉಡುಪು ತೊಟ್ಟು ಮರಳಿದ; ಶತ್ರುವೇ ಗೆದ್ದು ಬಂದ, ಮೊರೊಯೆಲ್ಲೊ ಸತ್ತ ಎಂದು ತಪ್ಪು ತಿಳಿದು ಪ್ರೇಯಸಿ ಸೊಲೆಸ್ತೆ ಕೋಟೆಯ ಮೇಲಿನಿಂದ ಹಾರಿದಳು; ಆ ದುಃಖದಲ್ಲಿ ಅವನೂ ಪ್ರಾಣ ಕಳೆದುಕೊಂಡ. ಅವನ ಆತ್ಮ ಇನ್ನೂ ಅಲೆಯುತ್ತಿದೆಯಂತೆ. ಆದರೆ ಕೋಟೆಯ ಗತ್ತೇ ಬೇರೆ: ಕೆಂಪು ಜ್ಯಾಸ್ಪರ್ ಬಂಡೆಯ ನೆತ್ತಿಯ ಮೇಲೆ, ಚೆನೊ ಕಣಿವೆಯ ಉದ್ದಗಲಕ್ಕೂ ಕಣ್ಣಿಟ್ಟು ನಿಂತಿದೆ. ಇದರ ಉಲ್ಲೇಖ 898ರಷ್ಟು ಹಿಂದಿನದು. ಕಾವಲು ದಾರಿ, ಗೋಪುರಗಳನ್ನು ನಿಧಾನವಾಗಿ ನೋಡುವವರಿಗೆ ನನ್ನ ಮತ ಇದಕ್ಕೇ.

ರಿಮಿನಿಯ ಕಡಲತೀರದಲ್ಲಿ ತಂಗಿದವರಿಗೆ ಮೊಂಟೆಬೆಲ್ಲೊ ಹತ್ತಿರ. ಬಾರ್ದಿ ಬೆಟ್ಟಗಳ ನಡುವಿನ ಊರು, ಕಾರು ಇದ್ದರೆ ಅನುಕೂಲ.